ಅಪ್ಪಾಜಿಯ ಹೆರಾಲ್ಡೂ ಪೆಟ್ರೋಲ್ ವಾಸನೆಯೂ

ಪ್ರಶ್ನೆ: ನಾನು ಶಿವಮೊಗ್ಗದ ವಿನೋಬನಗರದಲ್ಲಿರುವ ಶಿಕ್ಷಕಿ. ಅಪ್ಪಾಜಿ, ಅಮ್ಮ ಭದ್ರಾವತಿಯ ಜನ್ನಾಪುರದಲ್ಲಿದ್ದಾರೆ. ಅಪ್ಪಾಜಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಿಂದ ನಿವೃತ್ತರಾದವರು. ತಾತ ಕೊಂಡ 1966ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಮಗುವಿನಂತೆ ನೋಡಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಅದರಲ್ಲೇ ನಮ್ಮ ಮನೆಗೆ ಬರುತ್ತಾರೆ. ಈಚೆಗೆ ಗಾಡಿ ನಿಲ್ಲಿಸಿದ ಮೇಲೆ ಪೆಟ್ರೋಲ್ ವಾಸನೆ ಬರುತ್ತಿದೆ. ಬಾನೆಟ್ ಎತ್ತಿಸಿ ನೋಡಿದೆ. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕತ್ತರಿಸಿ, ನಡುವೆ ಒಂದು ಪ್ಲಾಸ್ಟಿಕ್ ಫಿಲ್ಟರ್ ಸೇರಿಸಿದ್ದಾರೆ. ಅದು ಸೈಲೆನ್ಸರ್ ಪೈಪು ಶುರುವಾಗುವ ಕಬ್ಬಿಣದ ಮೇಲೇ ಜೋತಾಡುತ್ತಿದೆ. ಮೇಸ್ತ್ರಿಯನ್ನು ಕೇಳಿದರೆ, ‘ಏನೂ ಆಗಲ್ಲಮ್ಮ, ಪೆಟ್ರೋಲ್ ಬರೋದು ಕಣ್ಣಿಗೆ ಕಾಣ್ಬೇಕಲ್ವಾ’ ಅಂದರು. ಅವರು ಅಪ್ಪಾಜಿಯ ಮೂವತ್ತು ವರ್ಷದ ಸ್ನೇಹಿತರು. ಅಪ್ಪಾಜಿಗೆ ಹೇಳಿದರೆ, ‘ನೀನು ಹುಟ್ಟೋ ಮೊದಲಿಂದ ಓಡಿಸ್ತಿದ್ದೀನಿ’ ಎಂದು ಸಿಟ್ಟಾದರು. ಅಮ್ಮ ಆ ಕಾರು ಹತ್ತುವುದನ್ನೇ ಬಿಟ್ಟಿದ್ದಾರೆ. ಬರುವ ತಿಂಗಳು ಆಯುಧ ಪೂಜೆ. ನನ್ನದು ಅತಿಯಾದ ಭಯವೇ?

ಉತ್ತರ: ಅಲ್ಲ. ನಿಮ್ಮ ಕಣ್ಣಿಗೆ ಬಿದ್ದದ್ದು ನಿಜವಾದ ಅಪಾಯ. ಆ ಫಿಲ್ಟರ್ ಅಲ್ಲಿ ಇರಕೂಡದು. ಸಮಾಧಾನದ ಸಂಗತಿಯೆಂದರೆ ಇದು ಅರ್ಧ ದಿನದ ಕೆಲಸ, ಕಾರು ಮಾರುವ ಮಾತೇ ಬೇಡ.

ಮೊದಲು ಜಾಗದ ವಿಷಯ. ಹೆರಾಲ್ಡ್‌ನ 948 ಸಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪು ಒಂದು ಬದಿಗಿದೆ, ಕಾರ್ಬೊರೇಟರೂ ನೀವು ‘ಕಬ್ಬಿಣ’ ಎಂದ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಇನ್ನೊಂದು ಬದಿಗಿವೆ. ಹಾಗಾಗಿ ಪಂಪಿನಿಂದ ಹೊರಟ ಪೆಟ್ರೋಲ್ ಎಂಜಿನ್ನನ್ನು ಬಳಸಿಕೊಂಡೇ ಬರಬೇಕು. ಕಂಪನಿಯವರು ಅಲ್ಲಿ ಲೋಹದ ಪೈಪು ಕೊಟ್ಟದ್ದು ಅದಕ್ಕೇ. ಮೇಸ್ತ್ರಿ ಕತ್ತರಿಸಿದ್ದು ಆ ಪೈಪನ್ನು. ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲನ್ನು ಪಂಪು ಹೀರಿಕೊಳ್ಳುತ್ತದೆ. ಆ ಭಾಗದಲ್ಲಿ ಸಣ್ಣ ಬಿರುಕು ಬಿಟ್ಟರೆ ಓಡುವಾಗ ಒಳಗೆ ಗಾಳಿ ಸೇರಿ ಎಂಜಿನ್ ಕೆಮ್ಮುತ್ತದೆ, ನಿಲ್ಲುತ್ತದೆ. ಪಂಪು ದಾಟಿದ ಮೇಲೆ ಅದೇ ಪೆಟ್ರೋಲ್ ಒತ್ತಡದಲ್ಲಿರುತ್ತದೆ. ಎರಡು ಪಿಎಸ್‌ಐ ಆಸುಪಾಸಿನ ಸಣ್ಣ ಒತ್ತಡವೇ ಇರಬಹುದು, ಆದರೆ ಅಲ್ಲಿ ಬಿರುಕು ಬಿಟ್ಟರೆ ಎಂಜಿನ್ ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಪೆಟ್ರೋಲ್ ಹೊರಗೆ ಚಿಮ್ಮುತ್ತಲೇ ಇರುತ್ತದೆ. ಒಂದು ಕಡೆ ಸೋರಿದರೆ ಗಾಡಿ ತಾನೇ ಹೇಳುತ್ತದೆ, ಇನ್ನೊಂದು ಕಡೆ ಸೋರಿದರೆ ಬಚ್ಚಿಡುತ್ತದೆ. ನಿಮ್ಮ ಫಿಲ್ಟರ್ ಇರುವುದು ಬಚ್ಚಿಡುವ ಕಡೆ, ಅದೂ ಬಿಸಿ ಕಬ್ಬಿಣದ ನೆತ್ತಿಯ ಮೇಲೆ.

ಪೆಟ್ರೋಲ್ ಆವಿ ತಾನಾಗಿ ಹೊತ್ತಿಕೊಳ್ಳಲು ಸುಮಾರು 250ರಿಂದ 280 ಡಿಗ್ರಿ ಶಾಖ ಬೇಕು. ಏರು ಹತ್ತುವಾಗ ಮ್ಯಾನಿಫೋಲ್ಡ್ ಅದನ್ನು ದಾಟಬಲ್ಲದು. ಹಾಗೆಂದು ಬಿದ್ದ ಪ್ರತಿ ಹನಿಯೂ ಬೆಂಕಿಯಾಗುವುದಿಲ್ಲ. ಓಡುವಾಗ ಗಾಳಿ ಆವಿಯನ್ನು ಚದುರಿಸಿಬಿಡುತ್ತದೆ, ಮೇಸ್ತ್ರಿಯ ಧೈರ್ಯಕ್ಕೆ ಕಾರಣ ಇದೇ. ಆದರೆ ಮಾಚೇನಹಳ್ಳಿ, ನಿದಿಗೆ ದಾಟಿ ಬಂದ ಗಾಡಿ ಶಿವಮೊಗ್ಗದ ಸಿಗ್ನಲ್ಲಿನಲ್ಲಿ ನಿಂತಾಗ ಆ ಗಾಳಿ ಇಲ್ಲ, ಕಬ್ಬಿಣ ಮಾತ್ರ ಕೆಂಡದಂತಿರುತ್ತದೆ. ಡಿಸ್ಟ್ರಿಬ್ಯೂಟರಿನ ಕಿಡಿಯೂ ಅದೇ ಬಾನೆಟ್ಟಿನ ಅಡಿಯಲ್ಲಿದೆ. ನಿಮಗೆ ವಾಸನೆ ಬರುತ್ತಿರುವುದು ಗಾಡಿ ನಿಂತ ಮೇಲೆ ಎಂದು ಬರೆದಿದ್ದೀರಲ್ಲ, ನನ್ನ ಆತಂಕ ಹೆಚ್ಚಿದ್ದು ಆ ಸಾಲು ಓದಿಯೇ.

ನನ್ನ ಹಳೆಯ ಪದ್ಮಿನಿ ಕಾರಿನಲ್ಲಿ ಇಂಥದೇ ಪ್ಲಾಸ್ಟಿಕ್ ಫಿಲ್ಟರ್ ಇತ್ತು. ಒಂದು ಬೆಳಿಗ್ಗೆ ಆಯನೂರಿಗೆ ಹೊರಡುವ ಮುನ್ನ ಆಯಿಲ್ ನೋಡಲೆಂದು ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕವೆಲ್ಲ ಒದ್ದೆ. ಫಿಲ್ಟರಿನ ಮೂತಿ ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಎಂಜಿನ್ ತಣ್ಣಗಿತ್ತು, ಅಷ್ಟೇ ನನ್ನ ಪುಣ್ಯ. ಬಿಸಿಗೆ ಪ್ಲಾಸ್ಟಿಕ್ ಒಣ ಎಲೆಯ ಹಾಗೆ ಪೆಡಸಾಗುತ್ತದೆ. ಅದರ ಮೇಲೆ ಸ್ಕ್ರೂ ಕ್ಲಿಪ್ಪನ್ನು ಬಲವಾಗಿ ಬಿಗಿದರೆ ಒಳಗೇ ನಲುಗುತ್ತದೆ. ಪೆಟ್ರೋಲ್ ತುಂಬಿದ ಆ ಭಾರ ಎರಡು ರಬ್ಬರ್ ತುಂಡುಗಳ ನಡುವೆ ಕುಲುಕುತ್ತ ಉಳಿದ ಕೆಲಸ ಮುಗಿಸುತ್ತದೆ. ಗಾಜಿನಂತೆ ಕಾಣುತ್ತದೆ ಎಂಬುದೊಂದೇ ಅದರ ಗುಣ.

ಈಗ ಪೆಟ್ರೋಲೇ ಬೇರೆಯಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಅರವತ್ತರ ದಶಕದ ರಬ್ಬರ್ ಇದನ್ನು ಕಂಡದ್ದಲ್ಲ. ಹೋಸು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಪಂಪಿನ ಡಯಾಫ್ರಮಿಗೂ ಅದೇ ಗತಿ. ಎಥೆನಾಲ್ ನೀರನ್ನು ಸೆಳೆಯುವ ವಸ್ತು. ನಮ್ಮ ಮಳೆಗಾಲದಲ್ಲಿ ಗಾಡಿ ಎರಡು ಮೂರು ತಿಂಗಳು ಶೆಡ್ಡಿನಲ್ಲಿ ನಿಂತರೆ ಟ್ಯಾಂಕಿನಲ್ಲಿ ನೀರೂ ತುಕ್ಕೂ ಕೂಡಿಕೊಳ್ಳುತ್ತವೆ. ಹಳೆಯ ಗಸಿಯನ್ನೂ ಎಥೆನಾಲ್ ಕಳಚಿ ತರುತ್ತದೆ. ಮೇಸ್ತ್ರಿ ಫಿಲ್ಟರ್ ಹಾಕಿದ್ದು ಬಹುಶಃ ಇದಕ್ಕೇ ಇರಬೇಕು. ಅವರ ಉದ್ದೇಶ ಸರಿ, ಜಾಗ ತಪ್ಪು. ಈ ಮಾತನ್ನು ಅವರ ಮುಂದೆ ಹೀಗೇ ಹೇಳಿ.

ಹಾಗಾದರೆ ಎಲ್ಲಿ ಹಾಕಬೇಕು? ಪಂಪಿಗೆ ಮೊದಲು. ಚಾಸಿಯ ಉದ್ದಕ್ಕೂ ಬಂದ ಲೋಹದ ಪೈಪು ಮುಗಿದು, ಪಂಪಿಗೆ ರಬ್ಬರ್ ಹೋಸು ಶುರುವಾಗುವ ಜಾಗ ನನಗೆ ಎಲ್ಲಕ್ಕಿಂತ ಒಪ್ಪಿಗೆ. ಅದು ಮ್ಯಾನಿಫೋಲ್ಡಿನ ಎದುರು ಬದಿ, ನೆರಳಿನ ಬದಿ ಅನ್ನಬಹುದು. ಹೆರಾಲ್ಡಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಟೈರಿನ ಮೇಲೆ ಕೂತೇ ಅದನ್ನು ನೋಡಬಹುದು. ಲೋಹದ ಮೈಯ ಫಿಲ್ಟರ್ ತನ್ನಿ. ಅದನ್ನು ಪಟ್ಟಿ ಹಾಕಿ ಬಾಡಿಗೆ ಕಚ್ಚಿಸಿ, ತೂಗಲು ಬಿಡಬೇಡಿ. ಮೈಮೇಲಿನ ಬಾಣದ ಗುರುತು ಪಂಪಿನ ಕಡೆಗಿರಲಿ. ಫ್ಯಾನ್, ಬೆಲ್ಟು, ಸ್ಟೀರಿಂಗ್ ಕೊಂಡಿ, ಎಲ್ಲದರಿಂದಲೂ ಒಂದು ಗೇಣು ದೂರ.

ಕೆಲವರು ಹಿಂದೆ, ಟ್ಯಾಂಕಿನ ಬಳಿ ಹಾಕುತ್ತಾರೆ. ಅದೂ ತಪ್ಪಲ್ಲ. ಆದರೆ ಡಿಕ್ಕಿಯ ಒಳಗೆ ಬೇಡವೇ ಬೇಡ, ಮುಚ್ಚಿದ ಜಾಗದಲ್ಲಿ ಆವಿ ಕೂಡಿಕೊಳ್ಳುತ್ತದೆ. ಕೆಳಗೆ ಹಾಕಿದರೆ ಸೈಲೆನ್ಸರಿನ ಎದುರು ಬದಿಗೆ, ಚಾಸಿಯ ತಳಕ್ಕಿಂತ ಮೇಲೆ, ಚಕ್ರ ಎರಚುವ ಜಲ್ಲಿಗೆ ಸಿಗದಂತೆ ಇರಬೇಕು. ನಮ್ಮ ಮಲೆನಾಡಿನ ರಸ್ತೆ ಗೊತ್ತಲ್ಲ, ನಾನಂತೂ ಮುಂದಿನ ಜಾಗವನ್ನೇ ಹೇಳುತ್ತೇನೆ. ಟ್ಯಾಂಕ್ ತುಂಬಿದಾಗ ಪೆಟ್ರೋಲ್ ಮಟ್ಟ ಫಿಲ್ಟರಿಗಿಂತ ಮೇಲಿರುತ್ತದೆ, ಹಾಗಾಗಿ ನಿಂತ ಗಾಡಿಯಲ್ಲೂ ಸೋರುವ ಸಾಧ್ಯತೆ ಇದ್ದೇ ಇದೆ. ಫಿಲ್ಟರಿಗೆ ಮೊದಲು ಒಂದು ಸಣ್ಣ ಟ್ಯಾಪ್ ಹಾಕಿಸಿ, ಶೆಡ್ಡಿಗೆ ಬಿಟ್ಟಾಗ ಮುಚ್ಚುವ ಅಭ್ಯಾಸವಿರಲಿ.

ಕತ್ತರಿಸಿದ ಆ ಪೈಪಿನ ಜಾಗಕ್ಕೆ ಮತ್ತೆ ಒಂದೇ ಉದ್ದದ ಲೋಹದ ಪೈಪು ಬಗ್ಗಿಸಿ ಹಾಕಿಸಿ. ಎರಡು ತುದಿಯಲ್ಲಿ ಮಾತ್ರ ಗಿಡ್ಡ ಹೋಸು ಸಾಕು. ಹೋಸು ಕೊಳ್ಳುವಾಗ ಮೇಲೆ ಎಸ್‌ಎಇ ಜೆ30 ಆರ್9 ಎಂಬ ಅಚ್ಚು ಇದೆಯೇ ನೋಡಿ. ನೀರಿನ ಹೋಸನ್ನೋ ಗ್ಯಾಸ್ ಪೈಪನ್ನೋ ಕೊಯ್ದು ಹಾಕಿದರೆ ಒಪ್ಪಬೇಡಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ, ಸಿಗದಿದ್ದರೆ ತರಿಸಿಕೊಳ್ಳಿ. ಜೊತೆಗೆ ಪಂಪಿನ ಡಯಾಫ್ರಮನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಆಯಿಲ್ ಕಡ್ಡಿಯನ್ನು ಮೂಸಿದಾಗ ಪೆಟ್ರೋಲ್ ಘಾಟು ಬಂದರೆ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಹಳೆಯ ಡಯಾಫ್ರಮ್ ಹರಿದಿರುವ ಸಾಧ್ಯತೆ ಹೆಚ್ಚು. ಕೆಲಸವೆಲ್ಲ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿ ತಂತಿ ಕಳಚಿ, ಬಯಲಿನಲ್ಲಿ ನಡೆಯಲಿ. ಆಮೇಲೆ ಪ್ರತಿ ಕೂಡಿಕೆಯ ಕೆಳಗೆ ಬಿಳಿ ಕಾಗದ ಹಾಸಿ ಹತ್ತು ನಿಮಿಷ ಎಂಜಿನ್ ಓಡಿಸಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಡ್ರೈವರ್ ಕೈಗೆಟುಕುವಂತೆ ಒಂದು ಕಿಲೋದ ಪುಡಿ ಬೆಂಕಿನಂದಕ ಇರಲಿ. ಬೆಂಕಿ ಕಂಡರೆ ಕೀಲಿ ತಿರುಗಿಸಿ ಇಳಿದುಬಿಡಿ, ಬಾನೆಟ್ ಪೂರ್ತಿ ಎತ್ತಬೇಡಿ, 112ಕ್ಕೆ ಕರೆ ಮಾಡಿ.

ಇನ್ನು ಅಪ್ಪಾಜಿಯ ವಿಷಯ. ನೀವು ಹೋಗಿ ‘ಇದು ಅಪಾಯ’ ಎಂದಿರಿ, ಅವರಿಗೆ ಅದು ‘ನಿಮಗೆ ವಯಸ್ಸಾಯಿತು’ ಎಂದು ಕೇಳಿಸಿತು. ಹಾಗೆ ಬೇಡ. ಅವರು ಕುಲುಮೆಯ ಊರಿನಲ್ಲಿ, ಮೇಂಟೆನೆನ್ಸಿನಲ್ಲಿ ದುಡಿದವರು. ‘ಅಪ್ಪಾಜಿ, ನಿಮ್ಮ ಪ್ಲಾಂಟಿನಲ್ಲಿ ಬಿಸಿ ಲೈನಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಎಣ್ಣೆ ಹಾಯಿಸಲು ಬಿಡುತ್ತಿದ್ದಿರಾ?’ ಎಂದು ಕೇಳಿ ಸುಮ್ಮನಿರಿ. ಎಥೆನಾಲ್ ಮಾತು ಬಂದರೆ ಅದನ್ನೂ ಅವರಿಂದಲೇ ಕೇಳಿ ತಿಳಿಯಿರಿ. ಗಾಡಿ ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕು ಎಂದು ಹಟ ಹಿಡಿದರೆ ಇನ್ನೂ ಒಳ್ಳೆಯದು. ಮದರಾಸಿನ ಕಾರ್ಖಾನೆಯಿಂದ ಬಂದಾಗ ಆ ಪ್ಲಾಸ್ಟಿಕ್ ಅದರಲ್ಲಿ ಇರಲಿಲ್ಲ, ಲೋಹದ ಪೈಪು ಇತ್ತು. ನಾವು ಕೇಳುತ್ತಿರುವುದು ಅದನ್ನೇ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರ ಜುಲೈಯಲ್ಲಿ ಬಂದಿದೆ. ಚಾಸಿ, ಬಾಡಿ, ಎಂಜಿನ್ ಬದಲಿಸಿರಬಾರದು ಎಂಬುದು ಅದರ ಷರತ್ತು, ಫಿಲ್ಟರಿನ ಜಾಗ ಬದಲಿಸಿದರೆ ಆ ಷರತ್ತಿಗೆ ಏನೂ ಧಕ್ಕೆಯಿಲ್ಲ.

ಈ ಕೆಲಸವನ್ನು ಅದೇ ಮೇಸ್ತ್ರಿಯಿಂದ ಮಾಡಿಸಿ, ಪಕ್ಕದಲ್ಲಿ ಸ್ಟೂಲು ಹಾಕಿ ಅಪ್ಪಾಜಿಯನ್ನು ಕೂರಿಸಿ. ಬೆಂಗಳೂರಿನಿಂದ ಯಾರನ್ನೋ ಕರೆಸಿದರೆ ಪೈಪು ಸರಿಹೋದೀತು, ಮೂವತ್ತು ವರ್ಷದ ಸ್ನೇಹ ಮುರಿದೀತು.

ಆಯುಧ ಪೂಜೆಯ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾವು ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸಿ ಒಡೆಯುವುದು ಬಂಪರಿನ ಎದುರಿಗೆ, ಅದೇ ನೆಲದ ಮೇಲೆ. ಫಿಲ್ಟರ್ ಜಾಗ ಬದಲಾಗುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಅಷ್ಟರೊಳಗೆ ಹಬ್ಬ ಬಂದರೆ ಮನೆಮಂದಿಯೆಲ್ಲ ಸೇರಿ ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ, ಹೂವು ಅರಿಶಿನ ಕುಂಕುಮದಲ್ಲಿ ಪೂಜೆ ಮುಗಿಸಿ, ಆರತಿಯನ್ನು ದೇವರ ಮನೆಯಲ್ಲೇ ಬೆಳಗಿರಿ.