ಹುಲಿ ಮತ್ತೆ ಬಂತು

ಹೊಲದಲ್ಲಿ ಅಲ್ಲಲ್ಲಿ ಪೈರು ಸತ್ತುಹೋಗುತ್ತದೆ. ಆಗ ನಾವು ಏನು ಮಾಡುತ್ತೇವೆ? ಒತ್ತಾಗಿ ಬೆಳೆದ ಕಡೆಯಿಂದ ಪೈರು ಕಿತ್ತು ತರುತ್ತೇವೆ. ಖಾಲಿ ಜಾಗದಲ್ಲಿ ನೆಡುತ್ತೇವೆ. ದನ ಮೇಯದ ಹಾಗೆ ಕಾಯುತ್ತೇವೆ.

ಕಾಡಿನ ಪ್ರಾಣಿಗಳನ್ನೂ ಹೀಗೆ ತಂದು ಬಿಡಬಹುದೇ? ಬಿಡಬಹುದು. ಆದರೆ ಸುಲಭವಲ್ಲ. ಪನ್ನಾ ಕಾಡಿನ ಕಥೆ ಕೇಳಿ. ಇದು ನಿಜವಾಗಿ ನಡೆದದ್ದು.

ಖಾಲಿಯಾದ ಕಾಡು

ಪನ್ನಾ ಕಾಡು ಮಧ್ಯಪ್ರದೇಶದಲ್ಲಿದೆ. ಅಲ್ಲಿ ಕೆನ್ ನದಿ ಹರಿಯುತ್ತದೆ. 1994ರಲ್ಲಿ ಸರ್ಕಾರ ಅದನ್ನು ಹುಲಿಗಳನ್ನು ಕಾಪಾಡುವ ಕಾಡು ಎಂದು ಸಾರಿತು. ಆದರೂ ಕಳ್ಳಬೇಟೆ ನಿಲ್ಲಲಿಲ್ಲ. ಹುಲಿಯ ಚರ್ಮಕ್ಕೆ, ಮೂಳೆಗೆ ದೂರದ ಪೇಟೆಯಲ್ಲಿ ಬಹಳ ಹಣ. ಬೇಟೆ ಆಡಿದವರಿಗೆ ಸಿಕ್ಕಿದ್ದು ಸ್ವಲ್ಪ. ಕೊಂಡು ಮಾರಿದವರಿಗೆ ಸಿಕ್ಕಿದ್ದು ಹೆಚ್ಚು.

ಹುಲಿ ಕಡಿಮೆ ಆಗ್ತಿದೆ ಎಂದು ಬಲ್ಲವರು ಎಚ್ಚರಿಸಿದರು. ಆ ಮಾತನ್ನು ಬೇಗ ಕೇಳಲಿಲ್ಲ. 2009ರ ಹೊತ್ತಿಗೆ ಪನ್ನಾದಲ್ಲಿ ಒಂದು ಹುಲಿಯೂ ಉಳಿಯಲಿಲ್ಲ.

ಹೊಸ ಹುಲಿಗಳು

2009ರ ಮಾರ್ಚ್ ತಿಂಗಳಲ್ಲಿ ಎರಡು ಹೆಣ್ಣು ಹುಲಿಗಳನ್ನು ತಂದರು. ಒಂದು ಬಾಂಧವಗಢ ಕಾಡಿನದು. ಇನ್ನೊಂದು ಕಾನ್ಹಾ ಕಾಡಿನದು. ಮದ್ದಿನ ಸೂಜಿ ಹೊಡೆದು ಮಂಪರು ಬರಿಸಿದರು. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದರು. ಹುಲಿ ಎಲ್ಲಿದೆ ಎಂದು ಆ ಪಟ್ಟಿಯಿಂದ ತಿಳಿಯುತ್ತದೆ.

ನವೆಂಬರ್‌ನಲ್ಲಿ ಪೆಂಚ್ ಕಾಡಿನಿಂದ ಒಂದು ಗಂಡು ಹುಲಿ ಬಂತು. ಅದಕ್ಕೆ ಹೊಸ ಜಾಗ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ತನ್ನ ಹಳೆಯ ಕಾಡಿನ ದಿಕ್ಕು ಹಿಡಿದು ಹೊರಟೇಬಿಟ್ಟಿತು! ತವರಿನ ನೆನಪು ಮನುಷ್ಯರಿಗೆ ಮಾತ್ರವೇ?

ಕಾಡಿನ ಸಿಬ್ಬಂದಿ ಆನೆಗಳ ಸಮೇತ ಹಿಂದೆ ಬಿದ್ದರು. ಸುಮಾರು ಒಂದು ತಿಂಗಳು ಬೆನ್ನು ಬಿಡಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದನ್ನು ಹಿಡಿದು ಮತ್ತೆ ಪನ್ನಾಕ್ಕೆ ತಂದರು.

ಈ ಸಲ ಒಂದು ಉಪಾಯ ಮಾಡಿದರು. ಭೋಪಾಲದ ವನವಿಹಾರದಲ್ಲಿ ಸಾಕಿದ ಹೆಣ್ಣು ಹುಲಿಯ ಮೂತ್ರ ತಂದು ಕಾಡಿನಲ್ಲಿ ಚಿಮುಕಿಸಿದರು. ನಮಗೆ ಅಕ್ಷರ ಹೇಗೋ, ಹುಲಿಗೆ ವಾಸನೆ ಹಾಗೆ. ವಾಸನೆಯಲ್ಲೇ ಅದು ಸುದ್ದಿ ಓದುತ್ತದೆ. ಗಂಡು ಹುಲಿ ನಿಂತಿತು. ಅದಕ್ಕೆ ಜೋಡಿ ಸಿಕ್ಕಿತು. 2010ರ ಏಪ್ರಿಲ್‌ನಲ್ಲಿ ಬಾಂಧವಗಢದ ಹೆಣ್ಣು ಹುಲಿ ನಾಲ್ಕು ಮರಿ ಹಾಕಿತು. ಈಗ ಪನ್ನಾದಲ್ಲಿ 50ಕ್ಕೂ ಹೆಚ್ಚು ಹುಲಿಗಳಿವೆ.

ಬೇಟೆಯನ್ನೇ ನಂಬಿದ್ದ ಪಾರ್ಧಿ ಜನರ ಮಕ್ಕಳಿಗೆ ಅಲ್ಲಿ ವಸತಿ ಶಾಲೆ ತೆರೆದರು. ಪಾರ್ಧಿಗಳಲ್ಲಿ ಕೆಲವರು ಈಗ ಬಂದವರಿಗೆ ಕಾಡು ತೋರಿಸುತ್ತಾರೆ. ಹುಲಿಯ ಹೆಜ್ಜೆ ಗುರುತಿಸುವ ವಿದ್ಯೆ ಅವರಿಗೆ ಅನ್ನ ಕೊಡುತ್ತಿದೆ.

ಒಡಿಶಾದಲ್ಲಿ ಏನಾಯಿತು?

ಎಲ್ಲ ಕಡೆ ಹೀಗೆ ಆಗಲಿಲ್ಲ. 2018ರಲ್ಲಿ ಒಡಿಶಾದ ಸತ್ಕೋಸಿಯಾ ಕಾಡಿಗೂ ಮಧ್ಯಪ್ರದೇಶದಿಂದ ಒಂದು ಗಂಡು, ಒಂದು ಹೆಣ್ಣು ಹುಲಿ ಹೋದವು. ಕಾಡಂಚಿನ ಜನರಿಗೆ ಇದು ಬೇಡವಾಗಿತ್ತು. ಹುಲಿ ದಾಳಿಯಲ್ಲಿ ಹೆಣ್ಣುಮಗಳೊಬ್ಬಳು ಸತ್ತಳು. ಜನ ಸಿಟ್ಟಿಗೆದ್ದರು. ಅದೇ ವರ್ಷ ಗಂಡು ಹುಲಿ ಉರುಳಿನ ಗಾಯದಿಂದ ಸತ್ತಿತು. ಹೆಣ್ಣು ಹುಲಿಯನ್ನು ಹಿಡಿದು ಕೂಡಿಹಾಕಿದರು. 2021ರಲ್ಲಿ ವಾಪಸ್ ಕಳಿಸಿದರು.

ನೋಡಿದಿರಾ? ಹುಲಿ ತರಲು ಲಾರಿ ಸಾಕು. ಉಳಿಸಲು ಜನ ಬೇಕು.

ನಮ್ಮ ಮಾತು

"ಹುಲಿ ಬಂದ್ರೆ ನಮ್ಮ ದನದ ಗತಿ ಏನು? ಸೌದೆಗೆ ಹೋದ ನಮ್ಮ ಗತಿ ಏನು?" ಕಾಡಂಚಿನ ಹೆಂಗಸರು ಹೀಗೆ ಕೇಳ್ತಾರೆ. ಕೇಳಲೇಬೇಕು. ಕಾಡಿಗೆ ಮೊದಲು ಹೋಗುವವರು ನಾವೇ ಅಲ್ಲವೇ? ಹುಲಿ ತರುವ ಮೊದಲು ನಮ್ಮ ಮಾತನ್ನೂ ಕೇಳಬೇಕು.

ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹುಲಿಗಳು ಇನ್ನೂ ಇವೆ. ಹೊರಗಿನಿಂದ ತರಬೇಕಾಗಿಲ್ಲ. ಇದ್ದದ್ದನ್ನು ಕಳೆದುಕೊಳ್ಳದಿದ್ದರೆ ಸಾಕು. ಹುಲಿ ದನ ಹಿಡಿದರೆ ಸತ್ತ ದನಕ್ಕೆ ವಿಷ ಹಾಕಬಾರದು. ಅದನ್ನು ತಿಂದ ಹುಲಿ, ಮರಿ, ನಾಯಿ, ಹದ್ದು ಎಲ್ಲ ಸಾಯುತ್ತವೆ. ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪರಿಹಾರಕ್ಕೆ ಅರ್ಜಿ ಕೊಡಬೇಕು. ಈಗ ನಮಗೆ ಬರೆಯಲು ಬರುತ್ತದೆ. ಅರ್ಜಿ ನಾವೇ ಬರೆಯೋಣ.

ಹೊಸ ಪದಗಳು
ಕಳ್ಳಬೇಟೆ – ಕಾನೂನು ಮೀರಿ ಪ್ರಾಣಿ ಕೊಲ್ಲುವುದು
ಉರುಳು – ಪ್ರಾಣಿ ಹಿಡಿಯಲು ಒಡ್ಡುವ ತಂತಿ ಅಥವಾ ಹಗ್ಗದ ಕುಣಿಕೆ
ಪರಿಹಾರ – ನಷ್ಟಕ್ಕೆ ಸರ್ಕಾರ ಕೊಡುವ ಹಣ

ಉತ್ತರ ಹೇಳಿ
1. ಪನ್ನಾದ ಹುಲಿಗಳು ಏಕೆ ಇಲ್ಲವಾದವು?
2. ಗಂಡು ಹುಲಿ ಎಲ್ಲಿಗೆ ಹೊರಟಿತು?
3. ಸತ್ಕೋಸಿಯಾದಲ್ಲಿ ಹುಲಿ ಏಕೆ ನೆಲೆ ನಿಲ್ಲಲಿಲ್ಲ?

ಬಿಟ್ಟ ಜಾಗ ತುಂಬಿ
ಹುಲಿ ತರಲು ಲಾರಿ ಸಾಕು. ಉಳಿಸಲು ______ ಬೇಕು.

ಕೂಡಿ ಮಾತನಾಡಿ
ನಿಮ್ಮ ಅಜ್ಜಿ ಕಂಡಿದ್ದ ಯಾವ ಪ್ರಾಣಿ, ಪಕ್ಷಿ ಈಗ ನಿಮ್ಮ ಊರಿನಲ್ಲಿ ಕಾಣುತ್ತಿಲ್ಲ? ಅವುಗಳ ಹೆಸರು ಬರೆಯಿರಿ. ಅವು ಮತ್ತೆ ಬರಬೇಕಾದರೆ ಏನು ಬೇಕು?