ಗರಡಿಯ ಪಾಠ

ದೇಹವನ್ನು ಬಲಪಡಿಸಬೇಕೆಂಬ ಸಂಕಲ್ಪ ಹುಟ್ಟುವುದು ಸುಲಭ. ಅದು ಬಾಳುವುದು ಕಷ್ಟ. ಇದಕ್ಕೆ ಶರೀರಧರ್ಮದಲ್ಲಿಯೇ ಒಂದು ಕಾರಣವಿದೆ. ಸಾಧನೆಯ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲವು ಬಹುಮಟ್ಟಿಗೆ ನರಗಳ ಹೊಂದಾಣಿಕೆಯ ಫಲ; ಸ್ನಾಯುಗಳು ಪುಷ್ಟಿಗೊಂಡು ಕಣ್ಣಿಗೆ ಕಾಣಬೇಕಾದರೆ ತಿಂಗಳುಗಳೇ ಬೇಕು. ಫಲ ಕಾಣದ ಈ ನಡುಗಾಲದಲ್ಲಿಯೇ ಒಂಟಿ ಸಾಧಕನ ಉತ್ಸಾಹ ಕುಗ್ಗುವುದು. ಆಗ ಅವನನ್ನು ಹಿಡಿದು ನಿಲ್ಲಿಸಬಲ್ಲದ್ದು ಒಡನಾಡಿಗಳ ಸಂಗ.

ಗರಡಿಮನೆಯ ಮರ್ಮವೂ ಇದೇ. ಬ್ರಹ್ಮಾವರದ ಸೀಮೆಗೆ ಗರಡಿಯೆಂಬ ಶಬ್ದ ಹೊಸತಲ್ಲ. ತುಳುನಾಡಿನಲ್ಲಿ ವೀರರಾದ ಕೋಟಿ-ಚೆನ್ನಯರ ಆರಾಧನೆಯ ತಾಣಗಳಿಗೂ ಅದೇ ಹೆಸರು. ಜೋಡಿಯಿಲ್ಲದೆ ಕುಸ್ತಿಯಿಲ್ಲ, ಉಸ್ತಾದನಿಲ್ಲದೆ ಪಟ್ಟಿನ ಮರ್ಮ ತಿಳಿಯದು. ಇಂದು ಎದುರಾಳಿಯಾಗಿ ನಿಂತವನೇ ನಾಳೆ ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವನು.

ಕುಂದಾಪುರ ಸಮೀಪದ ವಂಡ್ಸೆಯ ಗುರುರಾಜ ಪೂಜಾರಿಯವರ ಸಾಧನೆ ಇದಕ್ಕೆ ನಿದರ್ಶನ. ಲಾರಿ ಚಾಲಕರ ಮಗನಾದ ಅವರು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರರ ಪದಕವನ್ನು ಕಂಡು ಕುಸ್ತಿಗೆ ಮನಸೋತವರು. ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ ತರಬೇತುದಾರ ರಾಜೇಂದ್ರ ಪ್ರಸಾದರು ಆ ಶಕ್ತಿಯನ್ನು ಭಾರ ಎತ್ತುವ ಸ್ಪರ್ಧೆಯತ್ತ ತಿರುಗಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಗುರುರಾಜರು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗಕ್ಕೇರಿ, 269 ಕಿಲೋ ಎತ್ತಿ ಕಂಚು ಪಡೆದರು. ಹುಡುಗನ ಹಂಬಲಕ್ಕೆ ಗುರುವಿನ ಕಣ್ಣು ಸೇರಿದ್ದರಿಂದಲೇ ಅದಕ್ಕೆ ದಾರಿ ದೊರೆಯಿತು.

ಆದರೆ ಪದಕದ ಆಸೆಗೆ ವಯಸ್ಸಿನ ಮಿತಿಯುಂಟು. ಅನಂತರವೂ ಉಳಿಯುವ ಪ್ರೇರಣೆ ಕಲಿಸುವುದರಲ್ಲಿದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರರು (1897-1980) ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ದೂರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಬೋಧಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರೂ ಅವರ ಶಿಷ್ಯರಲ್ಲೊಬ್ಬರು. ಶಿಷ್ಯರೆದುರು ನಿಲ್ಲುವ ಗುರುವಿಗೆ ಸೋಮಾರಿತನ ಸಲ್ಲದು; ತಪ್ಪನ್ನು ತಿದ್ದುವವನು ತನ್ನ ಭಂಗಿಯನ್ನು ಮೊದಲು ತಿದ್ದಿಕೊಳ್ಳಬೇಕಾಗುತ್ತದೆ.

ಶಾಲೆ ಬಿಟ್ಟೊಡನೆ ಆಟದ ಬಯಲನ್ನೂ ಬಿಡುವ ತರುಣರು ಎಷ್ಟೋ ಮಂದಿ. ಶಾಲೆಗೆ ಉಪಕರಣಗಳ ದಾನ ಬೇಕು, ನಿಜ. ಆದರೆ ಹಳೆಯ ವಿದ್ಯಾರ್ಥಿಯೊಬ್ಬನು ವಾರಕ್ಕೆ ಎರಡು ಸಂಜೆ ಬಂದು ಹತ್ತು ಮಕ್ಕಳೊಡನೆ ಬಸ್ಕಿ ಹೊಡೆದರೆ ಅದು ಅದಕ್ಕಿಂತ ಹಿರಿದಾದ ದಾನ. ಅದರ ಫಲದಲ್ಲಿ ಕೊಟ್ಟವನಿಗೂ ಪಾಲುಂಟು.