ಹಿತ್ತಲ ಗೋಡೆಯೂ ನಗರದ ನಿಯಮವೂ

ಬೇಲಿಯ ವಿಷಯವು ಲೇಖನಕ್ಕೆ ತೀರ ಸಣ್ಣದೆಂದು ಕೆಲವರಿಗೆ ತೋರಬಹುದು. ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಸಾರ್ವಭೌಮತ್ವ, ಸಂವಿಧಾನ, ಶಾಸಕಾಂಗ ಮೊದಲಾದ ದೊಡ್ಡ ಮಾತುಗಳೇ ತುಂಬಿರುತ್ತವೆ. ಆದರೆ ಸಾಮಾನ್ಯ ಗೃಹಸ್ಥನಿಗೆ ಸರಕಾರದ ಪರಿಚಯವಾಗುವುದು ಮನೆ ಕಟ್ಟುವಾಗ, ನಳ ಹಾಕಿಸುವಾಗ, ಹಿತ್ತಲಿಗೊಂದು ಗೋಡೆ ಎಬ್ಬಿಸುವಾಗ. “ನನ್ನ ಜಾಗದಲ್ಲಿ ನಾನು ಎಷ್ಟು ಎತ್ತರದ ಗೋಡೆ ಕಟ್ಟಿದರೆ ಪಾಲಿಕೆಗೇನು?” ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆಯಲ್ಲಿ ಒಡೆಯನ ಹಕ್ಕು, ನೆರೆಯವನ ಹಕ್ಕು, ಅಧಿಕಾರಿಯ ವಿವೇಚನೆ ಮೂರೂ ಅಡಗಿವೆ. ನಿಯಮದಿಂದ ವಿನಾಯಿತಿ ಕೇಳುವುದೆಂದರೇನು, ಅದನ್ನು ಯಾರು, ಯಾವಾಗ, ಹೇಗೆ ಕೇಳಬೇಕು ಎಂಬುದನ್ನು ನಮ್ಮ ಲಕಮನಹಳ್ಳಿಯಂಥ ಪ್ರದೇಶವನ್ನು ಕಣ್ಣೆದುರಿಗೆ ಇಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಬೇಲಿಯಿಂದ ಗೋಡೆಗೆ

ಲಕಮನಹಳ್ಳಿಯು ಹೆಸರಿನಲ್ಲಿ ಹಳ್ಳಿ. ಆದರೆ ನಗರವು ಅದನ್ನು ಎಂದೋ ಒಳಗೊಂಡಿದೆ. ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ಅವೆರಡನ್ನು ಕೂಡಿಸುವ ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ ಈಗ ಚಿಗರಿ ಬಸ್ಸುಗಳು ಓಡುತ್ತವೆ. ಲಕಮನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವೂ ಇದೆ, ವಾಸದ ಬಡಾವಣೆಗಳೂ ಇವೆ. ಒಂದು ಕಡೆ ಲಾರಿ, ಇನ್ನೊಂದು ಕಡೆ ತೊಟ್ಟಿಲು. ಇವೆರಡರ ನಡುವೆ ಗೋಡೆ ಬೇಕೆನ್ನುವುದು ಸಹಜವಾದ ಬಯಕೆಯೇ ಆಗಿದೆ.

ಹಿಂದೆ ನಮ್ಮ ಕಡೆಯ ಹಿತ್ತಲುಗಳಿಗೆ ಕಳ್ಳಿ, ಕತ್ತಾಳೆ, ಲಕ್ಕಿಗಿಡಗಳ ಬೇಲಿ ಇರುತ್ತಿತ್ತು. ಅದು ದನಗಳನ್ನು ತಡೆಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ಆದರೆ ಜೀವಂತ ಬೇಲಿಗೆ ಎರಡು ಮೂರು ಅಡಿಯ ದಪ್ಪವಾದರೂ ಬೇಕು. ಅಳೆದು ಕೊಡುವ ಸಣ್ಣ ನಿವೇಶನಗಳಲ್ಲಿ ಅಷ್ಟು ನೆಲವನ್ನು ಬಿಡಲು ಯಾರಿಗೂ ಮನಸ್ಸಾಗದು. ಆದುದರಿಂದ ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆ ಬಂದಿತು. ಬೇಲಿಯು ತಾನಾಗಿಯೇ ಇಟ್ಟುಕೊಂಡಿದ್ದ ಮಿತಿಯನ್ನು ಗೋಡೆಯು ಇಟ್ಟುಕೊಳ್ಳಲಿಲ್ಲ.

ಹಿತ್ತಲ ಮರ್ಯಾದೆಯನ್ನು ಕಾಯಿದೆಯು ಲಘುವಾಗಿ ಕಂಡಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಬಚ್ಚಲು, ಪಾತ್ರೆ ತೊಳೆಯುವ ಕಟ್ಟೆ, ಬಟ್ಟೆ ಒಣಗಿಸುವ ಹಗ್ಗ, ಇವೆಲ್ಲ ಹಿಂದುಗಡೆ ಇರತಕ್ಕವು. 1882ರ ಭಾರತದ ಸುಖಾಧಿಕಾರ ಕಾಯಿದೆಯ 18ನೆಯ ಕಲಮು ರೂಢಿಯಿಂದ ಬಂದ ಹಕ್ಕುಗಳನ್ನು ಮನ್ನಿಸುತ್ತದೆ. ನೆರೆಯವನ ಮನೆಯ ಏಕಾಂತಕ್ಕೆ ಭಂಗ ಬರುವಂತೆ ಹೊಸ ಕಿಟಕಿ ತೆರೆಯಕೂಡದೆಂಬ ಒಂದು ಊರಿನ ರೂಢಿಯನ್ನು ಆ ಕಲಮಿನ ಕೆಳಗೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಈ ಕಾಯಿದೆಯು 1891ರಲ್ಲಿ ಮುಂಬಯಿ ಪ್ರಾಂತಕ್ಕೆ, ಅಂದರೆ ಧಾರವಾಡಕ್ಕೂ, ಅನ್ವಯವಾಯಿತು. ಏಕಾಂತವನ್ನು ಬಯಸುವವನು ಹೊಸದೇನನ್ನೂ ಬೇಡುತ್ತಿಲ್ಲ. ಆದರೆ ಅದೇ ಕಾಯಿದೆಯು ಬಹುಕಾಲದಿಂದ ಅನುಭವಿಸುತ್ತ ಬಂದ ಗಾಳಿಬೆಳಕಿನ ಹಕ್ಕನ್ನೂ ರಕ್ಷಿಸುತ್ತದೆ. ಒಬ್ಬನ ಏಕಾಂತವು ಇನ್ನೊಬ್ಬನ ಕತ್ತಲೆಯಾಗಬಾರದು.

ನಿಯಮವೇಕೆ ಹುಟ್ಟಿತು?

ನಗರವನ್ನು ವಾಸದ ವಲಯ, ವ್ಯಾಪಾರದ ವಲಯ, ಕೈಗಾರಿಕೆಯ ವಲಯ ಎಂದು ವಿಂಗಡಿಸಿ, ಒಂದೊಂದಕ್ಕೂ ಕಟ್ಟಡದ ಅಳತೆಗಳನ್ನು ಗೊತ್ತುಮಾಡುವುದಕ್ಕೆ ವಲಯ ನಿಯಮವೆಂದು ಹೆಸರು. ನ್ಯೂಯಾರ್ಕ್ ನಗರವು 1916ರಲ್ಲಿ ಇಂಥ ನಿಯಮಾವಳಿಯನ್ನು ಇಡೀ ಊರಿಗೆ ತಂದಿತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯು ಅಮೇರಿಕೆಯ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. ಉದ್ಯಮಕ್ಕೆಂದು ಇಟ್ಟುಕೊಂಡಿದ್ದ ಜಮೀನಿನಲ್ಲಿ ದೊಡ್ಡ ಪಾಲನ್ನು ಊರಿನವರು ವಾಸಕ್ಕೆ ಮೀಸಲಿಟ್ಟರೆಂಬುದು ಜಮೀನಿನ ಒಡೆಯರ ತಕರಾರು. ಕೋರ್ಟು ಊರಿನ ಅಧಿಕಾರವನ್ನು ಎತ್ತಿಹಿಡಿಯಿತು.

ನಮ್ಮಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಈ ಕೆಲಸಕ್ಕೆ ಆಧಾರ. ಅದು 1965ರಲ್ಲಿ ಜಾರಿಗೆ ಬಂದಿತು. ಈ ಕಾಯಿದೆಯ ಮೇರೆಗೆ ತಯಾರಾಗುವ ಮಹಾಯೋಜನೆ ಯಾವ ನೆಲ ಯಾವುದಕ್ಕೆ ಎಂಬುದನ್ನು ಹೇಳುತ್ತದೆ. ಕಟ್ಟುವ ಪರವಾನಗಿಯನ್ನು 1976ರ ಮಹಾನಗರಪಾಲಿಕೆಗಳ ಕಾಯಿದೆಯ ಪ್ರಕಾರ ಪಾಲಿಕೆಯು ಕೊಡುತ್ತದೆ.

ಗೋಡೆಯ ಅಳತೆಗೆ ದೇಶದಲ್ಲೆಲ್ಲ ಮಾದರಿಯಾಗಿ ನಿಂತಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ. ಅದು ಮೊದಲು 1970ರಲ್ಲಿ ಪ್ರಕಟವಾಗಿ ಅನಂತರ ಹಲವು ಸಲ ಪರಿಷ್ಕೃತವಾಗಿದೆ. ಅದರ 2005ರ ಆವೃತ್ತಿಯ ಪ್ರಕಾರ ಕಂಪೌಂಡು ಗೋಡೆಯು ಮುಂದಿನ ರಸ್ತೆಯ ನಡುರೇಖೆಯಿಂದ ಅಳೆದಾಗ 1.5 ಮೀಟರು, ಅಂದರೆ ಸುಮಾರು 5 ಅಡಿ, ಮೀರಬಾರದು. ಮೇಲಿನ 0.9 ಮೀಟರು ಜಾಲರಿಯಂತೆ ತೆರವಾಗಿದ್ದು, ಅದರ ವಿನ್ಯಾಸಕ್ಕೆ ಒಪ್ಪಿಗೆ ದೊರೆತರೆ 2.4 ಮೀಟರಿನವರೆಗೆ ಹೋಗಬಹುದು. ಮೂಲೆಯ ನಿವೇಶನದಲ್ಲಿ ತಿರುವಿನ ಎರಡೂ ಮಗ್ಗುಲಿಗೆ 10 ಮೀಟರು ಉದ್ದ ಗೋಡೆಯು 0.75 ಮೀಟರು ಮಾತ್ರ ಇರತಕ್ಕದ್ದು. ಅದರ ಮೇಲೆ ಬೇಕಾದರೆ ಕಂಬಿ ಹಾಕಬಹುದು. ಶಾಲೆ ಕಾಲೇಜು, ಆಸ್ಪತ್ರೆ, ಕಾರಖಾನೆಗಳಿಗೆ 2.4 ಮೀಟರಿನ ಗೋಡೆಗೆ ಅನುಮತಿ ಕೊಡಬಹುದು. ಈ ಸಂಹಿತೆಯು ತಾನಾಗಿ ಕಾಯಿದೆಯಲ್ಲ. ಸ್ಥಳೀಯ ಸಂಸ್ಥೆಯು ತನ್ನ ಉಪನಿಯಮದಲ್ಲಿ ಎಷ್ಟನ್ನು ಸ್ವೀಕರಿಸಿದೆಯೋ ಅಷ್ಟೇ ಕಟ್ಟುಪಾಡು. ಆದರೆ ಅದರ ತರ್ಕವನ್ನು ಅರಿತರೆ ಯಾವ ಊರಿನ ನಿಯಮವೂ ಅರ್ಥವಾಗುತ್ತದೆ.

ವಿನಾಯಿತಿಯ ಅರ್ಥ

ಆ ಸಂಹಿತೆಯಲ್ಲಿ 1.5 ಮೀಟರಿನ ಮಿತಿಯು “ವಿಶೇಷ ಅನುಮತಿ ಇದ್ದ ಹೊರತು” ಎಂಬ ಅರ್ಥದ ಮಾತಿನಿಂದ ಆರಂಭವಾಗುತ್ತದೆ. ಈ ಸಣ್ಣ ಮಾತೇ ವಿನಾಯಿತಿಯ ಬಾಗಿಲು. ನಿಯಮವನ್ನು ಬರೆಯುವವನು ಸಮತಟ್ಟಾದ, ಚೌಕವಾದ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾನೆ. ಎಲ್ಲ ನೆಲವೂ ಹಾಗಿರುವುದಿಲ್ಲ.

ಅಮೇರಿಕೆಯ ವಾಣಿಜ್ಯ ಇಲಾಖೆಯು 1920ರ ದಶಕದಲ್ಲಿ ರಾಜ್ಯಗಳಿಗಾಗಿ ಸಿದ್ಧಪಡಿಸಿದ ಮಾದರಿ ಕಾಯಿದೆಯು ಈ ತತ್ವವನ್ನು ಸ್ಪಷ್ಟವಾಗಿ ಹೇಳಿತು. ಸ್ಥಳದ ವಿಶೇಷ ಪರಿಸ್ಥಿತಿಯಿಂದಾಗಿ ನಿಯಮದ ಅಕ್ಷರಶಃ ಪಾಲನೆಯು ಅನಗತ್ಯವಾದ ಕಷ್ಟವನ್ನುಂಟುಮಾಡುತ್ತಿದ್ದರೆ, ಸಾರ್ವಜನಿಕ ಹಿತಕ್ಕೆ ವಿರೋಧವಾಗದಂತೆ, ನಿಯಮದ ಆಶಯವನ್ನು ಕಾಯ್ದುಕೊಂಡು ಸಡಿಲಿಕೆ ಕೊಡಬಹುದು. ಇದಕ್ಕಾಗಿ ಅಲ್ಲಿ ಪ್ರತ್ಯೇಕ ಮಂಡಳಿಗಳಿವೆ. ಬಹಿರಂಗ ವಿಚಾರಣೆ ನಡೆದು ನೆರೆಯವರೂ ಮಾತಾಡುತ್ತಾರೆ. ಅಮೇರಿಕೆಯಲ್ಲಿ ನೆಲೆಸಿದ ನಮ್ಮವರಲ್ಲಿ ಯಾರಾದರೂ ಹಿತ್ತಲಿಗೆ ಮಿತಿಗಿಂತ ಎತ್ತರದ ಬೇಲಿ ಹಾಕಬೇಕೆಂದರೆ ಈ ದಾರಿಯಲ್ಲಿಯೇ ಹೋಗಬೇಕು.

ವಿನಾಯಿತಿಯಲ್ಲಿ ಎರಡು ಬಗೆಗಳಿವೆ: ಬಳಕೆಯದು ಮತ್ತು ಅಳತೆಯದು. ವಾಸದ ಮನೆಯನ್ನು ಕಾರಖಾನೆ ಮಾಡುತ್ತೇನೆನ್ನುವುದು ಬಳಕೆಯ ಪ್ರಶ್ನೆ. ಗೋಡೆಯು ಎರಡು ಅಡಿ ಹೆಚ್ಚು ಬೇಕೆನ್ನುವುದು ಅಳತೆಯ ಪ್ರಶ್ನೆ. ಮೊದಲನೆಯದು ಬಡಾವಣೆಯ ಸ್ವಭಾವವನ್ನೇ ಬದಲಿಸುವುದರಿಂದ ಅದಕ್ಕೆ ಕಠಿಣ ಪರೀಕ್ಷೆ, ಎರಡನೆಯದಕ್ಕೆ ಅಷ್ಟಿಲ್ಲ.

ಎರಡು ಅರ್ಜಿಗಳು

ವಿಷಯವು ಸ್ಪಷ್ಟವಾಗಲೆಂದು ಎರಡು ಅರ್ಜಿಗಳನ್ನು ಕಲ್ಪಿಸಿಕೊಳ್ಳೋಣ. ಲೆಕ್ಕಕ್ಕಾಗಿ ಮೇಲೆ ಹೇಳಿದ ಸಂಹಿತೆಯ ಅಳತೆಗಳನ್ನೇ ಹಿಡಿಯೋಣ.

ಮೊದಲನೆಯವನ ನಿವೇಶನವು ಇಳಿಜಾರಿನಲ್ಲಿದೆ. ಅವನ ಹಿತ್ತಲು ಮುಂದಿನ ರಸ್ತೆಗಿಂತ 90 ಸೆಂಟಿಮೀಟರು ಎತ್ತರ. ರಸ್ತೆಯಿಂದ ಅಳೆದ 1.5 ಮೀಟರಿನ ಗೋಡೆಯು ಹಿತ್ತಲ ಒಳಗಿನಿಂದ ನೋಡಿದರೆ 60 ಸೆಂಟಿಮೀಟರು ಮಾತ್ರ ಆಗುತ್ತದೆ. ನಿಂತವರ ಮೊಣಕಾಲಿಗಿಂತ ತುಸು ಮೇಲೆ. ಸಮತಟ್ಟಾದ ನೆಲದವನಿಗೆ ನಿಯಮವು ಕೊಟ್ಟ ಏಕಾಂತವನ್ನು ಇವನಿಗೆ ಕೊಡಲಿಲ್ಲ. ಈ ಕಷ್ಟವು ನೆಲದಿಂದ ಬಂದುದು, ಇವನು ತಂದುಕೊಂಡುದಲ್ಲ. ಇವನೇ ಮಣ್ಣು ತುಂಬಿಸಿ ಹಿತ್ತಲನ್ನು ಎತ್ತರಿಸಿದ್ದರೆ ಮಾತು ಬೇರೆಯಾಗುತ್ತಿತ್ತು.

ಇವನು ಮೊದಲು ನಿಯಮದ ಒಳಗೇ ಪರಿಹಾರವನ್ನು ಹುಡುಕಬೇಕು. ಜಾಲರಿಯ ಸಮೇತ 2.4 ಮೀಟರಿಗೆ ಅವಕಾಶವಿದೆಯಷ್ಟೆ? ಆಗ ಒಳಗಿನಿಂದ 1.5 ಮೀಟರಾಯಿತು. ಜಾಲರಿಗೆ ತೊಂಡೆಯ ಬಳ್ಳಿಯನ್ನು ಹಬ್ಬಿಸಿದರೆ ಬಹುಪಾಲು ಕೆಲಸ ಮುಗಿಯಿತು. ಅದೂ ಸಾಲದಿದ್ದರೆ, ಬಚ್ಚಲಿಗೆ ಎದುರಾದ ಕೆಲವು ಅಡಿಗಳಷ್ಟು ಉದ್ದಕ್ಕೆ ಮಾತ್ರ ಜಾಲರಿಯ ಬದಲು ಗಟ್ಟಿ ಗೋಡೆಗೆ ವಿಶೇಷ ಅನುಮತಿ ಕೇಳಬಹುದು. ಹಿಂದಿನ ನೆರೆಯವನ ನೆಲವು ರಸ್ತೆಯ ಮಟ್ಟದಲ್ಲಿದ್ದರೆ ಅವನ ಕಣ್ಣಿಗೆ ಇದು 8 ಅಡಿಯ ಗೋಡೆ. ಅವನ ಕಿಟಕಿಗೆ ಬೆಳಕು ಉಳಿಯುವುದೇ, ಮಳೆಗಾಲದಲ್ಲಿ ಹಸಿಮಣ್ಣಿನ ಒತ್ತಡವನ್ನು ಗೋಡೆ ತಡೆಯುವುದೇ, ನೀರು ಬಸಿದುಹೋಗಲು ತೂತುಗಳಿವೆಯೇ ಎಂಬುದನ್ನು ಅಧಿಕಾರಿಯು ನೋಡಬೇಕು. ಇವೆಲ್ಲಕ್ಕೂ ಉತ್ತರವಿದ್ದರೆ ಈ ಅರ್ಜಿಯು ನ್ಯಾಯವಾದುದು.

ಎರಡನೆಯವನದು ಮೂಲೆಯ ನಿವೇಶನ. ಧೂಳು ಬರುತ್ತದೆ, ಮನೆಗೆ ಶೋಭೆ ಬೇಕು ಎಂದು ಅವನು ತಿರುವಿನಲ್ಲಿಯೇ 2 ಮೀಟರಿನ ಗೋಡೆಯನ್ನು ಕೇಳುತ್ತಾನೆ. ಧೂಳು ಓಣಿಗೆಲ್ಲ ಇದೆ. ಮೂಲೆಯ ಮಿತಿಯು ಎಲ್ಲ ಮೂಲೆಯವರಿಗೂ ಇದೆ. ಇವನ ನೆಲದಲ್ಲಿ ವಿಶೇಷವೇನೂ ಇಲ್ಲ. ಅಷ್ಟೇ ಅಲ್ಲ, ತಿರುವಿನಲ್ಲಿ ಗೋಡೆ ತಗ್ಗಾಗಿರಬೇಕೆಂಬುದು ಸೈಕಲ್ಲಿನ ಹುಡುಗನಿಗೆ ಲಾರಿಯೂ, ಲಾರಿಯವನಿಗೆ ಹುಡುಗನೂ ಕಾಣಲೆಂದು. ಅಕ್ಕಪಕ್ಕದ ನಾಲ್ಕು ಮನೆಯವರು ಒಪ್ಪಿಗೆಯ ಸಹಿ ಹಾಕಿಕೊಟ್ಟರೂ ಆ ಹುಡುಗನು ಸಹಿ ಹಾಕಿಲ್ಲ. ಈ ಅರ್ಜಿಯನ್ನು ತಿರಸ್ಕರಿಸುವುದೇ ಸರಿ.

ಮೊದಲನೆಯ ಅರ್ಜಿಯು ನಿಯಮವು ಕೊಡಬಯಸಿದುದನ್ನೇ ಕೇಳುತ್ತದೆ. ಎರಡನೆಯದು ನಿಯಮವು ಕಾಯಬಯಸಿದುದನ್ನೇ ಕೆಡಿಸುತ್ತದೆ. ವಿನಾಯಿತಿಯು ದಾಕ್ಷಿಣ್ಯವಲ್ಲ ಎನ್ನುವುದಕ್ಕೆ ಈ ಭೇದವೇ ಆಧಾರ.

ವಿವೇಚನೆಯ ಮಿತಿ

ವಿಶೇಷ ಅನುಮತಿಯ ಅಧಿಕಾರವು ಕೈತಪ್ಪಿದರೆ ಬೇಲಿಯೇ ಎದ್ದು ಹೊಲ ಮೇದಂತಾಗುತ್ತದೆ. ಈ ಬಗ್ಗೆ ನಮ್ಮ ರಾಜ್ಯದ ಎರಡು ಮೊಕದ್ದಮೆಗಳು ದೇಶಕ್ಕೆಲ್ಲ ಪಾಠವಾಗಿವೆ. ಉಡುಪಿಯಲ್ಲಿ ಕಲ್ಯಾಣಮಂಟಪವೂ ಉಪನ್ಯಾಸ ಮಂದಿರವೂ ಆಗಬೇಕಿದ್ದ ಕಟ್ಟಡವನ್ನು ವಾಸದ ಪ್ರದೇಶದಲ್ಲಿ ಚಿತ್ರಮಂದಿರ ಮಾಡಲು ಪುರಸಭೆಯು ಒಪ್ಪಿತು. ಅಲ್ಲಿಯ ನಿವಾಸಿಯೊಬ್ಬರ ಮನವಿಯ ಮೇಲೆ 1974ರಲ್ಲಿ ಸುಪ್ರೀಮ್ ಕೋರ್ಟು ಆ ಒಪ್ಪಿಗೆಯನ್ನು ತಳ್ಳಿಹಾಕಿತು. ಯೋಜನೆಗೆ ವಿರುದ್ಧವಾದ ಪರವಾನಗಿಯಿಂದ ನೆರೆಯವರ ಹಕ್ಕಿಗೆ ಧಕ್ಕೆಯಾಗುವುದೆಂದೂ, ಅದನ್ನು ಪ್ರಶ್ನಿಸಲು ಅವರು ಅರ್ಹರೆಂದೂ ಆ ತೀರ್ಪಿನಿಂದ ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟಾಗಲೂ ಬಡಾವಣೆಯ ನಿವಾಸಿಗಳು ಹೋರಾಡಿದರು. 1991ರಲ್ಲಿ ಅವರ ಪರವಾಗಿ ತೀರ್ಪಾಯಿತು. ವಿವೇಚನೆ ಎಂದರೆ ಮನಸ್ಸಿಗೆ ಬಂದಂತೆ ನಡೆಯುವುದಲ್ಲ. ಹಿತ್ತಲ ಗೋಡೆಯಂಥ ಸಣ್ಣ ವಿಷಯದಲ್ಲಿಯೂ ಅನುಮತಿ ಕೊಟ್ಟ ಕಾರಣವು ಕಾಗದದ ಮೇಲಿರಬೇಕು. ನಾಳೆ ನೆರೆಯವನು ಓದಿದರೆ ಅವನಿಗೂ ಅದು ಕಾರಣವೆಂದು ತೋರಬೇಕು.

ಕೇಳುವ ಕ್ರಮ

ಕಟ್ಟುವ ಮುಂಚೆ ಕೇಳಬೇಕು, ಕಟ್ಟಿದ ಮೇಲಲ್ಲ. ಪರವಾನಗಿಯಿಲ್ಲದ ಕಟ್ಟಡಕ್ಕೆ ಪಾಲಿಕೆಗಳ ಕಾಯಿದೆಯ 321ನೆಯ ಕಲಮಿನ ಪ್ರಕಾರ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟೀಸು, ಅನಂತರ ಕೆಡಹುವ ಆದೇಶದ ದೃಢೀಕರಣ ಬರಬಹುದು. “ಮುಂದೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಂಡರಾಯಿತು” ಎಂಬ ಧೈರ್ಯವೂ ಭದ್ರವಲ್ಲ. ಸೆಟ್‌ಬ್ಯಾಕ್ ಉಲ್ಲಂಘನೆಯನ್ನು ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗೆ, ಇತರ ಕಟ್ಟಡಗಳಲ್ಲಿ ಶೇಕಡಾ 25ರವರೆಗೆ ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಯನ್ನು ರಾಜ್ಯದ ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಮರುತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಮ್ ಕೋರ್ಟು ತಡೆ ಕೊಟ್ಟಿತು.

ಅರ್ಜಿಗೆ ಮುಂಚೆ ಮೋಜಣಿ ಇಲಾಖೆಯಿಂದ ಹದ್ದುಬಸ್ತು ಮಾಡಿಸುವುದು ಉತ್ತಮ. ಹದ್ದು ಎಲ್ಲಿದೆಯೆಂಬುದೇ ತಿಳಿಯದಿದ್ದರೆ ಎತ್ತರದ ಚರ್ಚೆ ವ್ಯರ್ಥ. ಆ ಮೇಲೆ ಉಪನಿಯಮದ ಪ್ರತಿಯನ್ನು ಪಡೆಯಬೇಕು; ಸುಲಭವಾಗಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಕೈಗಾರಿಕಾ ಪ್ರದೇಶದ ನಿವೇಶನವಾಗಿದ್ದರೆ ಕೊಟ್ಟ ಮಂಡಳಿಯ ಕರಾರುಪತ್ರದ ಷರತ್ತುಗಳನ್ನೂ ನೋಡಬೇಕು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿರುವುದರಿಂದ, ಅರ್ಜಿಯನ್ನು ಯಾವ ಕಚೇರಿಗೆ ಕೊಡತಕ್ಕದ್ದೆಂದು ವಿಚಾರಿಸಿಕೊಳ್ಳುವುದು ಲೇಸು.

ಅರ್ಜಿಯ ಜೊತೆಗೆ ಉತಾರ, ಮಂಜೂರಾದ ನಕಾಶೆ, ರಸ್ತೆ ಮತ್ತು ಹಿತ್ತಲ ಮಟ್ಟಗಳನ್ನು ತೋರಿಸುವ ಅಡ್ಡಕೊಯ್ತದ ನಕಾಶೆ, ಕೆಲವು ಛಾಯಾಚಿತ್ರಗಳು ಇರಲಿ. ಯಾವ ನಿಯಮದಿಂದ, ಎಷ್ಟು ಉದ್ದಕ್ಕೆ, ಎಷ್ಟು ಎತ್ತರಕ್ಕೆ, ಏತಕ್ಕಾಗಿ ಎಂಬ ನಾಲ್ಕಕ್ಕೂ ಅದರಲ್ಲಿ ಉತ್ತರವಿರಬೇಕು. ನೆರೆಯವರ ಒಪ್ಪಿಗೆಯು ಪಾಲಿಕೆಯನ್ನು ಕಟ್ಟಿಹಾಕದು. ಆದರೂ ಅದನ್ನು ಪಡೆಯಬೇಕು. ನಕಾಶೆಯನ್ನು ಹಿಡಿದುಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಕುಳಿತು ತೋರಿಸಿದರೆ ಎಷ್ಟೋ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ. ಗೋಡೆಯ ಆಯುಷ್ಯ ದೀರ್ಘ. ನೋಟೀಸಿನಿಂದ ಆರಂಭವಾದ ನೆರೆಮನೆಯ ಮುನಿಸಿನ ಆಯುಷ್ಯವೂ ಅಷ್ಟೇ ದೀರ್ಘವಾಗಬಹುದು.

ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಒಂದು ಅಳತೆಯ ಪಟ್ಟಿಯನ್ನು ಹಿಡಿದು ತಮ್ಮ ಓಣಿಯ ಹತ್ತು ಗೋಡೆಗಳನ್ನು ಅಳೆದು ನೋಡಲಿ. ಯಾವುದು ನಿಯಮದಂತಿದೆ, ಯಾವುದು ಮೀರಿದೆ, ಮೀರಿದುದಕ್ಕೆ ನೆಲವು ಕಾರಣವೋ ಮನಸ್ಸು ಕಾರಣವೋ ಎಂದು ಬರೆದಿಟ್ಟುಕೊಳ್ಳಲಿ. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ದೊರೆಯಲಾರದು.